ಹಲ್ಲಿನಿಂದ ಕೇಳುತ್ತಿದ್ದ ಮೇಸ್ತ್ರಿ

ಬೇಕರಿ ಮುಂದಿನ ಲಿಂಡನ್ ಮರಕ್ಕೆ ಸಾವಿನ ಚೀಟಿ ಅಂಟಿಸುವುದು ನಮ್ಮೂರಿನ ಪದ್ಧತಿ. ಹೆಸರು, ಮಣ್ಣು ಮಾಡುವ ಹೊತ್ತು, ಮೇಲೊಂದು ಫೋಟೊ. ಫೋಟೊದಲ್ಲಿ ಸತ್ತವರೆಲ್ಲ ಗುರುತಿನ ಚೀಟಿ ಮಾಡಿಸಲು ಹೋದ ದಿನದ ಮುಖ ಹೊತ್ತುಕೊಂಡಿರುತ್ತಾರೆ. ಕಳೆದ ಚಳಿಗಾಲದಲ್ಲಿ ಆ ಮರದ ಮೇಲೆ ಕಾಣಿಸಿಕೊಂಡ, ಗಾಡಿ ರಿಪೇರಿಯ ವಿತೊಮಿರ್ ಮೇಸ್ತ್ರಿಯ ಬಾಯಲ್ಲಿ ಮಾತ್ರ ಮೊಳದುದ್ದದ ಮರದ ಸೌಟಿತ್ತು.

ಚೀಟಿ ಅಚ್ಚು ಹಾಕಿಸುವ ಮೊದಲೇ ಪಾದ್ರಿಗಳು ಕೇಳಿದ್ದರು: "ಬೇರೆ ಫೋಟೊ ಸಿಗಲಿಲ್ವೇನಪ್ಪಾ ಸ್ರೆತೆನ್?"

"ಸಿಕ್ತು ಪಾದ್ರಿಗಳೇ. ಆದ್ರೆ ಅದ್ರಲ್ಲಿರೋನು ಯಾರೋ ಬೇರೆಯವನ ಥರ ಕಾಣ್ತಾನೆ."

ಸ್ರೆತೆನ್ ಮೊರಾವಾ ಕಣಿವೆಯ ರಸ್ತೆಗಳಲ್ಲಿ ಬಸ್ ಓಡಿಸಿ ನಿವೃತ್ತನಾದವನು. ವಿತೊಮಿರ್ ಅವನಿಗೆ 'ಕೂಮ್'. ಅಂದರೆ ಅವನ ಮದುವೆಯಲ್ಲಿ ಸಾಕ್ಷಿ ನಿಂತವನು, ಅವನ ಮಗಳಿಗೆ ಹೆಸರಿಟ್ಟವನು. ಇಬ್ಬರೂ ಒಬ್ಬರನ್ನೊಬ್ಬರು 'ಕೂಮೆ' ಎಂದೇ ಕರೆಯುತ್ತಿದ್ದರು. ಒಡಹುಟ್ಟಿದವರ ಜೊತೆ ಮಾತು ಬಿಟ್ಟರೂ ಬಿಡಬಹುದು, ಕೂಮ್‌ನ ಜೊತೆ ಬಿಡುವ ಹಾಗಿಲ್ಲ. ಅಂಥ ಕೂಮ್‌ಗೆ ಕಿವಿ ಕೇಳುವುದಿಲ್ಲ ಎನ್ನುವುದು ಸ್ರೆತೆನ್‌ಗೆ ವರ್ಷಗಟ್ಟಲೆ ಗೊತ್ತೇ ಆಗಲಿಲ್ಲ.

ಊರಿಗೂ ಗೊತ್ತಾಗಲಿಲ್ಲ. ಗೊತ್ತಿದ್ದದ್ದು ಹೆಂಡತಿ ಯಾಗೊಡಾಗೆ ಮಾತ್ರ. ಅವಳು ಗಂಡನನ್ನು ಕರೆಯಬೇಕಾದರೆ ಮರದ ನೆಲವನ್ನು ಹಿಮ್ಮಡಿಯಿಂದ ಗುದ್ದುತ್ತಿದ್ದಳು. ಅವನು ತುಟಿ ನೋಡಿ ಅರ್ಥಮಾಡಿಕೊಳ್ಳುತ್ತಿದ್ದ. ಅರ್ಥವಾಗದಿದ್ದಾಗ ಗಡ್ಡ ಕೆರೆದುಕೊಂಡು "ಅದೇ ಮತ್ತೆ" ಅನ್ನುತ್ತಿದ್ದ. ಪೆಟ್ರೋಲ್ ಬೆಲೆ ಏರಿತು ಎಂದರೂ ಅದೇ ಮತ್ತೆ, ಸರ್ಕಾರ ಬಿತ್ತು ಎಂದರೂ ಅದೇ ಮತ್ತೆ. ಒಮ್ಮೆ ಯಾರೋ "ಮೇಸ್ತ್ರಿ, ನಿನ್ನ ತಲೆ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ" ಎಂದಾಗಲೂ ಅದನ್ನೇ ಹೇಳಿದ. ಅದು ದೊಡ್ಡ ಮನುಷ್ಯರ ವೈರಾಗ್ಯ ಎಂದುಕೊಂಡು ಊರು ಅವನ ಮೇಲೆ ಇನ್ನಷ್ಟು ಗೌರವ ಇಟ್ಟುಕೊಂಡಿತು.

ಕಿವಿ ಕೇಳದ ಮೆಕ್ಯಾನಿಕ್ಕನ ಹತ್ತಿರ ಯಾರು ಗಾಡಿ ತರುತ್ತಾರೆ? ಅದಕ್ಕೇ ಸೌಟು. ಸೆಪ್ಟೆಂಬರಿನಲ್ಲಿ ಕೆಂಪು ದಪ್ಪಮೆಣಸಿನಕಾಯಿ ಸುಟ್ಟು, ಸುಲಿದು, ಅರೆದು, ಕಡಾಯಿಯಲ್ಲಿ ಕೈ ಬಿದ್ದುಹೋಗುವಷ್ಟು ಮಗುಚುತ್ತಾರಲ್ಲ, ಆಯ್ವಾರ್ ಎನ್ನುವ ಚಟ್ನಿ, ಅದನ್ನು ಮಗುಚುವ ಯಾಗೊಡಾಳ ಸೌಟು. ಗಟ್ಟಿ ಮರದ್ದು. ಒಂದು ತುದಿ ಇಂಜಿನ್ ಮೇಲೆ, ಇನ್ನೊಂದು ತುದಿ ಎಡಗಡೆಯ ದವಡೆ ಹಲ್ಲುಗಳ ನಡುವೆ. ಇಂಜಿನ್ನಿನ ಬಡಿತ ಮರದ ಮೂಲಕ ಹಲ್ಲಿಗೆ, ಹಲ್ಲಿನಿಂದ ತಲೆಬುರುಡೆಗೆ ಬರುತ್ತಿತ್ತು. ಕಣ್ಣು ಮುಚ್ಚಿಕೊಂಡು ನಾಯಿ ಮೂಳೆ ಕಚ್ಚಿದ ಹಾಗೆ ಅದನ್ನು ಕಚ್ಚಿ ನಿಲ್ಲುತ್ತಿದ್ದ. ಎಲ್ಲರೂ ಅದನ್ನು ಮೇಸ್ತ್ರಿಯ ಶೋಕಿ ಎಂದುಕೊಂಡಿದ್ದರು.

ಯಾಗೊಡಾಳ ದೂರು ಬೇರೆಯೇ ಇತ್ತು. "ನಮ್ಮನೆ ಆಯ್ವಾರ್‌ನಲ್ಲಿ ಇಂಜಿನ್ ಆಯಿಲ್ ವಾಸನೆ, ಗ್ಯಾರೇಜಲ್ಲಿ ಮೆಣಸಿನಕಾಯಿ ವಾಸನೆ. ಯಾವ ಜನ್ಮದ ಕರ್ಮವೋ!"

ತೊಂದರೆ ಏನೆಂದರೆ, ಆ ಹಲ್ಲು ಕೆಟ್ಟುಹೋಗಿತ್ತು. ಬಲಗಡೆಯ ದವಡೆ ಆಗಲೇ ಖಾಲಿ. ಎಡಗಡೆ ಮೇಲೊಂದು ಕೆಳಗೊಂದು ಉಳಿದಿದ್ದವು, ಕೆಳಗಿನದಕ್ಕೆ ಕೀವು ಹಿಡಿದಿತ್ತು. ದಂತವೈದ್ಯೆ ಅದನ್ನು ಕಿತ್ತು ಕಟ್ಟಿಸಿದ ಹಲ್ಲು ಕೂರಿಸೋಣ ಎಂದು ವರ್ಷದಿಂದ ಹೇಳುತ್ತಿದ್ದಳು. ಕಟ್ಟಿಸಿದ ಹಲ್ಲಿನಿಂದ ಏನೂ ಕೇಳುವುದಿಲ್ಲ. ಬಲಗಡೆಗೆ ಒಮ್ಮೆ ಕಟ್ಟಿಸಿ, ಟ್ರ್ಯಾಕ್ಟರ್ ಮೇಲೆ ಪರೀಕ್ಷೆ ಮಾಡಿ ನೋಡಿ, ಡ್ರಾಯರಿನಲ್ಲಿ ಎಸೆದುಬಿಟ್ಟಿದ್ದ. ಹಾಗಾಗಿ ಊರಿನ ಎದುರು ಅವನು ಹಲ್ಲು ಕೀಳಿಸಲು ಹೆದರುವ ಪುಕ್ಕಲನಾಗಿದ್ದ. ಆ ಹೆಸರು ಅವನಿಗೆ ಒಪ್ಪಿಗೆಯೇ ಆಗಿತ್ತು.

"ಇಷ್ಟು ದೊಡ್ಡ ಆಳು, ಒಂದು ಇಕ್ಕಳ ನೋಡಿದ್ರೆ ಬೆವರ್ತೀಯಲ್ಲೋ," ಎಂದು ಸ್ರೆತೆನ್ ಛೇಡಿಸುತ್ತಿದ್ದ.

"ಅದೇ ಮತ್ತೆ," ಅನ್ನುತ್ತಿದ್ದ ವಿತೊಮಿರ್.

ಹಲ್ಲಿಗೆ ಕೀವು ಹಿಡಿದ ಆ ವರ್ಷದ ಸೆಪ್ಟೆಂಬರಿನಲ್ಲಿ ಸ್ರೆತೆನ್‌ನ ಮಗಳು ದುನ್ಯಾಳ ಮದುವೆ. ಸ್ರೆತೆನ್ ಮದುವೆಯ ಬುಕ್ಲಿಯಾ ಹಿಡಿದುಕೊಂಡು ಮನೆ ಮನೆ ಕರೆಯಲು ಹೊರಟ. ಬುಕ್ಲಿಯಾ ಎಂದರೆ ಹೂವು ನಾಣ್ಯ ಕಟ್ಟಿದ ಮರದ ಚಪ್ಪಟೆ ಹೂಜಿ, ಒಳಗೆ ಪ್ಲಮ್ ಹಣ್ಣಿನ ಸಾರಾಯಿ, ರಾಕಿಯಾ. ಕರೆಸಿಕೊಂಡವರು ಒಂದು ಗುಟುಕು ಕುಡಿದು, ತಮ್ಮ ಮನೆಯ ರಾಕಿಯಾವನ್ನು ಅದಕ್ಕೆ ಸುರಿದು, ಮತ್ತೆ ತುಂಬಿಸಿ ಕಳಿಸಬೇಕು. ಊರೆಲ್ಲ ಸುತ್ತಿದರೂ ಹೂಜಿ ಬರಿದಾಗಬಾರದು. ವಿತೊಮಿರ್ ಕುಡಿದ, ಯಾಗೊಡಾ ಬಾಯಿತನಕ ತುಂಬಿದಳು, ಇನ್ನೊಂದು ತೊಟ್ಟು ಹೆಚ್ಚಾಗಿಯೇ ಸುರಿದು ಸ್ರೆತೆನ್‌ನ ತೋಳು ಒದ್ದೆ ಮಾಡಿದಳು.

ಹೋಗಬೇಕಾದವನು ಹೋಗಲಿಲ್ಲ. ಬಾಗಿಲಲ್ಲೇ ನಿಂತ.

"ಕೂಮೆ, ಕಾರು ಹೋಯ್ತು."

ಬಾಯಿ ನೇರಕ್ಕೆ ಕಾಣುತ್ತಿದ್ದದ್ದರಿಂದ ವಿತೊಮಿರ್‌ಗೆ ಅರ್ಥವಾಯಿತು. "ಯಾವ ಕಾರು?"

"ಇರೋದೊಂದೇ ಅಲ್ವಾ. ಟಕ ಟಕ ಅಂತಿದೆ. ಹೆದ್ದಾರಿ ಪಕ್ಕದ ಗ್ಯಾರೇಜಲ್ಲಿ ತೋರಿಸ್ದೆ. ಕ್ರ್ಯಾಂಕಿನ ಬೇರಿಂಗ್ ಹೋಗಿದೆಯಂತೆ. ಚರ್ಚಿನ ಏರು ಹತ್ತಿಸಿದ್ರೆ ಒಳಗಿನ ರಾಡು ಇಂಜಿನ್ ಪಕ್ಕೆ ಒಡ್ಕೊಂಡು ಆಚೆ ಬರತ್ತಂತೆ. ಇಂಜಿನ್ ಪೂರ್ತಿ ಬಿಚ್ಚಬೇಕು, ಮದುವೆ ಹೊತ್ತಿಗೆ ಆಗಲ್ಲ ಅಂದ್ರು."

ಮದುವೆಗೆ ಬರುವ ಕಾರುಗಳಿಗೇನೂ ಬರವಿರಲಿಲ್ಲ. ಆದರೆ ದುನ್ಯಾ ಹುಟ್ಟಿದ್ದು ಆ ಕಾರಿನ ಹಿಂದಿನ ಸೀಟಿನಲ್ಲಿ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ. ಹೆತ್ತವಳು ತೀರಿಕೊಂಡು ಎರಡು ವರ್ಷವಾಗಿತ್ತು. ಹುಡುಗಿ ಅಪ್ಪನ ಮುಂದೆ ಒಂದೇ ಆಸೆ ಇಟ್ಟಿದ್ದಳು: ಚರ್ಚಿಗೆ ಹೋಗುವುದಾದರೆ ಅಮ್ಮನ ಸೀಟಿನ ಮೇಲೆ ಕೂತು ಹೋಗುತ್ತೇನೆ.

"ತಗೊಂಡು ಬಾ," ಎಂದ ವಿತೊಮಿರ್.

ಮಾರನೆಯ ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗಲೇ ಕಾರು ಬಂತು. ಬಾನೆಟ್ ಎತ್ತಿದಾಗ ಸ್ರೆತೆನ್‌ಗೆ ಟಕಟಕ ಸ್ಪಷ್ಟವಾಗಿ ಕೇಳುತ್ತಿತ್ತು, ಹೊಲಿಗೆ ಯಂತ್ರದ ಹಾಗೆ. ವಿತೊಮಿರ್ ಮೊದಲು ಎಣ್ಣೆಯ ಅಳತೆ ಕಡ್ಡಿ ಎಳೆದು ನೋಡಿದ. ಎಣ್ಣೆ ಗೆರೆಯ ಮಟ್ಟದಲ್ಲೇ ಇತ್ತು. ಆದರೆ ಸುಟ್ಟ ಬೆಲ್ಲದ ಹಾಗೆ ಕಪ್ಪಗೆ, ಮಂದವಾಗಿ.

"ಯಾವಾಗ ಬದಲಾಯಿಸ್ದೆ?"

"ಅವಳಿದ್ದಾಗ," ಎಂದ ಸ್ರೆತೆನ್.

ವಿತೊಮಿರ್ ಕಡ್ಡಿ ಒರೆಸಿ ಒಳಗಿಟ್ಟ. ಸೌಟು ಕಚ್ಚಿದ. ಇಂಜಿನ್ನಿನ ಅಡಿಯಲ್ಲಿ, ಮುಖ್ಯ ದಂಡವಾದ ಕ್ರ್ಯಾಂಕ್ ತಿರುಗುವ ಕಡೆ ಇಟ್ಟ. ಅಲ್ಲಿಂದ ಮೇಲಕ್ಕೆ, ವಾಲ್ವ್‌ಗಳ ಮುಚ್ಚಳದ ಮೇಲೆ ಇಟ್ಟ. ಅಲ್ಲಿ ಹಲ್ಲಿಗೆ ಒದ್ದ ಹಾಗಾಗಿ ಕಣ್ಣಲ್ಲಿ ನೀರು ಬಂತು. ಆಮೇಲೆ ಸ್ಪಾರ್ಕ್ ಪ್ಲಗ್‌ಗಳ ವೈರುಗಳನ್ನು ಸೌಟು ಕಚ್ಚಿಕೊಂಡೇ ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸುತ್ತ ಹೋದ.

"ಬೇರಿಂಗ್ ಹೋಗಿದ್ರೆ, ಆ ಸಿಲಿಂಡರಿನ ವೈರು ಕಿತ್ತಾಗ ಹೊರೆ ಇಳಿದು ಸದ್ದು ತಗ್ಗಬೇಕು. ಇದು ಯಾವುದಕ್ಕೂ ಕ್ಯಾರೇ ಅಂತಿಲ್ಲ. ಮತ್ತೆ, ಕ್ರ್ಯಾಂಕ್ ಎರಡು ಸುತ್ತು ಬಂದ್ರೆ ಇದು ಒಂದೇ ಸಲ ಬಡೀತದೆ. ವಾಲ್ವ್ ಇರೋ ಮೇಲಿನ ಮನೆಯವರ ಗಲಾಟೆ ಇದು, ಕೆಳಗಿನವರದ್ದಲ್ಲ."

"ಹಾಗಾದ್ರೆ ಗ್ಯಾರೇಜಿನವನು ಸುಳ್ಳು ಹೇಳಿದ್ನಾ?"

"ಅವನು ಒಳ್ಳೆ ಕೆಲಸಗಾರ. ಕಬ್ಬಿಣದೊಳಗೆ ಸದ್ದು ಓಡಾಡ್ತದೆ ಕೂಮೆ. ಅಡುಗೆಮನೇಲಿ ಬಿದ್ದ ಪಾತ್ರೆ ನೆಲಮಾಳಿಗೇಲಿ ಬಿದ್ದ ಹಾಗೆ ಕೇಳಿಸಲ್ವಾ? ನಂಗೂ ಎಷ್ಟೋ ಸಲ ಹಾಗಾಗಿದೆ."

ಮುಚ್ಚಳ ಬಿಚ್ಚಿದ. ಒಳಗೆ ಲಿಫ್ಟರ್‌ಗಳು ಸಾಲಾಗಿ ಕೂತಿದ್ದವು. ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ಬಟ್ಟಲುಗಳು, ಒಳಗೆ ಎಣ್ಣೆ ತುಂಬಿಕೊಂಡು, ವಾಲ್ವ್ ಒತ್ತುವ ಕ್ಯಾಮ್‌ಗೂ ವಾಲ್ವ್‌ಗೂ ನಡುವೆ ಕೂದಲೆಳೆ ಸಂದೂ ಉಳಿಯದಂತೆ ಒತ್ತಿ ನಿಲ್ಲುವ ಕೆಲಸ ಅವುಗಳದ್ದು. ಒಂದರ ಎಣ್ಣೆ ಸೋರಿದರೂ ಸಂದು ಬಿದ್ದು, ಉಕ್ಕಿಗೆ ಉಕ್ಕು ಬಡಿಯುತ್ತದೆ. ಇಂಜಿನ್ನನ್ನು ಕೈಯಿಂದ ತಿರುಗಿಸುತ್ತ, ಸೌಟಿನ ಹಿಡಿಯಿಂದ ಒಂದೊಂದನ್ನೇ ಒತ್ತಿದ. ಎಲ್ಲವೂ ಕಲ್ಲಿನ ಹಾಗೆ ನಿಂತವು. ಹಿಂದಿನ ಮೂಲೆಯದು ಮಾತ್ರ ಕಳಿತ ಪ್ಲಮ್ ಹಣ್ಣಿನ ಹಾಗೆ ಮೆತ್ತಗೆ ಒಳಗೆ ಹೋಯಿತು.

"ನೋಡು, ಕಳ್ಳ ಇಲ್ಲಿದಾನೆ."

ಸ್ರೆತೆನ್ ತಾನೂ ಒತ್ತಿ ನೋಡಿದ. ಒತ್ತಿ ಒತ್ತಿ ನೋಡಿದ. ಆಮೇಲೆ ಕೂಮ್‌ನ ಎರಡೂ ಕೆನ್ನೆಗೆ ಮೂರು ಸಲ ಮುತ್ತಿಟ್ಟ. ಎಡಗೆನ್ನೆಗೆ ಮುತ್ತಿಟ್ಟಾಗ ವಿತೊಮಿರ್ ಕಿಟಾರನೆ ಕಿರುಚಿದ.

"ಹಲ್ಲು ಕೀಳಿಸೋ ಮಾರಾಯ!"

"ಮದುವೆ ಮುಗೀಲಿ."

ಹೊಸ ಲಿಫ್ಟರ್‌ಗಳು ಬಂದವು, ಎಣ್ಣೆಯಲ್ಲಿ ನೆನೆದವು, ಕೂತವು. ಕಪ್ಪು ಎಣ್ಣೆ ಹೋಗಿ ಜೇನಿನ ಬಣ್ಣದ್ದು ಬಂತು. ಮೊದಲ ಸಲ ಚಾಲೂ ಮಾಡಿದಾಗ ಸ್ವಲ್ಪ ಗೊಣಗಿ, ಆಮೇಲೆ ಇಂಜಿನ್ ಗಪ್‌ಚಿಪ್ಪಾಯಿತು. ಉಳಿದ ಎಣ್ಣೆಯ ಡಬ್ಬವನ್ನು ವಿತೊಮಿರ್ ಸ್ರೆತೆನ್‌ನ ಕೈಗೆ ಕೊಟ್ಟ. ಮುಂದೆಂದಾದರೂ ಬೇಕಾಗುತ್ತದೆ, ಇಟ್ಟುಕೊ ಎಂದ. ಆಮೇಲೆ ನಡೆದ ಅವಾಂತರಕ್ಕೆಲ್ಲ ಆ ಡಬ್ಬವೇ ಮೂಲ.

ಮದುವೆಯ ದಿನ ಸ್ರೆತೆನ್‌ನ ಅಂಗಳದಲ್ಲಿ ಕಹಳೆಯವರು ಬೆಳಿಗ್ಗೆಯಿಂದಲೇ ಊದುತ್ತಿದ್ದರು. ಎದೆಗೆ ರೋಸ್ಮರಿ ಚುಚ್ಚಿಸಿಕೊಂಡ ನೆಂಟರು, ಕಾರುಗಳ ಕನ್ನಡಿಗೆ ಕಟ್ಟಿದ ಬಿಳಿ ಟವೆಲ್ಲುಗಳು, ದೊಡ್ಡ ಮಣ್ಣಿನ ಗಡಿಗೆಗಳಲ್ಲಿ ಮಾಂಸದ ಜೊತೆ ಬೇಯುವ ಎಲೆಕೋಸು. ನಡುವೆ ದುನ್ಯಾಳ ಕಾರು ನಿಂತಿತ್ತು, ಬಾನೆಟ್ ತೆರೆದುಕೊಂಡು. ಸ್ರೆತೆನ್ ಬಂದಬಂದವರನ್ನೆಲ್ಲ ಅದರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದ.

"ನೋಡಿ, ಸತ್ತೇಹೋಗಿದೆ ಅಂದಿದ್ರು. ನಮ್ಮ ಕೂಮ್ ಹಲ್ಲಿಂದ್ಲೇ ಬದುಕಿಸ್ದ!"

ವಿತೊಮಿರ್ ಬಂದಾಗ ಅವನ ಎಡಗೆನ್ನೆ ಬನ್ನಿನ ಹಾಗೆ ಊದಿತ್ತು. ರಾಕಿಯಾ ಬಾಯಲ್ಲಿಟ್ಟುಕೊಂಡು ಮೂಲೆಯಲ್ಲಿ ಕೂತ. ಪಕ್ಕದಲ್ಲಿ ಯಾಗೊಡಾ. ಅವಳ ಕೈಚೀಲದಿಂದ ಸೌಟಿನ ಹಿಡಿ ಇಣುಕುತ್ತಿತ್ತು. ಯಾಕೆಂದು ಕೇಳಿದವರಿಗೆ "ಅವನ ಕನ್ನಡಕ ತಂದ ಹಾಗೆ ತಂದೆ" ಎಂದಳು.

ಹೊರಡುವ ಹೊತ್ತಾಯಿತು. ಬಿಳಿ ಉಡುಪಿನ ದುನ್ಯಾ ಹಿಂದಿನ ಸೀಟಿನ ಮೇಲೆ ಕೂತಳು. ಸ್ರೆತೆನ್ ಕೀಲಿ ತಿರುಗಿಸಿದ. ಕಹಳೆಯವರು ಉಸಿರೆಳೆದುಕೊಳ್ಳಲು ನಿಂತಿದ್ದ ಆ ಗಳಿಗೆಯಲ್ಲಿ ಇಂಜಿನ್ ಟಕಟಕಟಕ ಎಂದು ಬಾಯಿ ಬಿಟ್ಟಿತು. ಹಿಂದಿನಂತೆ ಒಂದು ಹೊಲಿಗೆ ಯಂತ್ರವಲ್ಲ, ಒಂದು ಕಾರ್ಖಾನೆ.

ವಿತೊಮಿರ್‌ಗೆ ಕೇಳಿಸಲಿಲ್ಲ. ಆದರೆ ಅಂಗಳದ ಮುಖಗಳೆಲ್ಲ ಒಟ್ಟಿಗೆ ತನ್ನ ಕಡೆ ತಿರುಗಿದ್ದು ಕಂಡಿತು.

"ನಾನು ಹೇಳ್ಲಿಲ್ವಾ, ಬೇರಿಂಗೇ!" ಎಂದ ಗಂಡಿನ ಕಡೆಯ ಚಿಕ್ಕಪ್ಪನೊಬ್ಬ. ಅವನು ಅಲ್ಲಿಯವರೆಗೆ ಏನೂ ಹೇಳಿರಲಿಲ್ಲ. "ಸೌಟು ಕಚ್ಚಿ ಇಂಜಿನ್ ನೋಡೋದು ಅಂದ್ರೇನು? ಹುಡುಗೀನ ಈ ಡಬ್ಬದಲ್ಲಿ ಬೆಟ್ಟ ಹತ್ತಿಸಕ್ಕೆ ನಾವು ಬಿಡಲ್ಲ."

"ಅಪ್ಪಾ," ಎಂದಳು ದುನ್ಯಾ ಕಾರಿನ ಒಳಗಿನಿಂದ, "ನಾನು ಇಳಿಯಲ್ಲ."

ಸ್ರೆತೆನ್ ಇಂಜಿನ್ ನಿಲ್ಲಿಸಿ ಕೂಮ್‌ನ ಮುಖ ನೋಡಿದ. ಅವನ ಬಸ್ಸು ಎಂದೂ ಇಳಿಜಾರಿನಲ್ಲಿ ಬ್ರೇಕ್ ತಪ್ಪಿರಲಿಲ್ಲ, ಆದರೆ ತಪ್ಪಿದರೆ ಹೀಗೇ ಅನ್ನಿಸುತ್ತದೆ ಎಂದುಕೊಂಡ. ವಿತೊಮಿರ್ ನಿಧಾನಕ್ಕೆ ಎದ್ದು ಬಂದು ಅಳತೆ ಕಡ್ಡಿ ಎಳೆದ. ಎಣ್ಣೆ ಗೆರೆಯನ್ನು ದಾಟಿ ಕಡ್ಡಿಯ ಅರ್ಧಕ್ಕೆ ಏರಿತ್ತು, ಬಿಯರಿನ ಹಾಗೆ ನೊರೆ ಕಟ್ಟಿತ್ತು.

"ಇದಕ್ಕೆ ಎಣ್ಣೆ ಹಾಕಿದ್ಯಾರು?"

ಸ್ರೆತೆನ್‌ನ ಭಾವಮೈದ ಟೋಪಿ ತೆಗೆದ. "ನಾನೇ, ಒಂಚೂರು. ಎಲ್ರೂ ಕುಡೀತಿದಾರೆ, ಇದೂ ಮದುವೆಗೆ ಹೊರಟಿದೆ ಪಾಪ, ಅಂತ."

"ನಾನೂ ಒಂದು ಗುಟುಕು ಹಾಕ್ದೆ," ಎಂದ ಕಹಳೆಯವನು. "ಅವರು ಹಾಕೋದು ನೋಡಿ, ಶಾಸ್ತ್ರ ಇರಬೇಕು ಅನ್ಕೊಂಡೆ."

ಅಡುಗೆಯವಳೂ ಹಾಕಿದ್ದಳು. ಮದುಮಗನ ಗೆಳೆಯನೂ. ಡಬ್ಬ ಕಾರಿನ ಪಕ್ಕದಲ್ಲೇ ಇತ್ತು, ಬಾನೆಟ್ ತೆರೆದೇ ಇತ್ತು. ನೋಡಿ ಮೆಚ್ಚಿಕೊಂಡವರೆಲ್ಲ ಬುಕ್ಲಿಯಾಗೆ ಸುರಿಯುವ ಹಾಗೆ ಸುರಿದು, ಹರಸಿ, ಕೈ ಒರೆಸಿಕೊಂಡು ಹೋಗಿದ್ದರು. ಡಬ್ಬ ಬರಿದಾದ ಮೇಲೆ ಯಾರೋ ತಮ್ಮ ಕಾರಿನಿಂದ ಇನ್ನೊಂದನ್ನೂ ತಂದಿಟ್ಟಿದ್ದರು.

"ನಿಮ್ಮ ಕಡೆಯವರು ಯಾರು ಹಾಕಿದ್ರಿ?" ಎಂದು ಸ್ರೆತೆನ್ ಗಂಡಿನ ಕಡೆಯ ಚಿಕ್ಕಪ್ಪನನ್ನು ಕೇಳಿದ.

"ನಾನು... ಹೆಣ್ಣಿನ ಕಡೆಯವರು ಹಾಕಿದ ಮೇಲೆ ನಾವು ಹಾಕದೇ ಇದ್ರೆ ಚೆನ್ನಾಗಿರಲ್ಲ ಅಂತ..."

ಊದಿದ ಕೆನ್ನೆಯಲ್ಲೂ ವಿತೊಮಿರ್‌ಗೆ ನಗು ಬಂತು. ಎಣ್ಣೆ ಕಡಿಮೆಯಾದರೆ ಎಷ್ಟು ಕೆಟ್ಟದ್ದೋ ಹೆಚ್ಚಾದರೂ ಅಷ್ಟೇ ಕೆಟ್ಟದ್ದು. ಮಟ್ಟ ಮೀರಿದ ಎಣ್ಣೆಯನ್ನು ಕ್ರ್ಯಾಂಕ್ ಮೊಟ್ಟೆಯ ಬಿಳಿಯಂತೆ ಕಡೆದು ನೊರೆ ಮಾಡುತ್ತದೆ. ಲಿಫ್ಟರ್‌ಗಳಿಗೆ ಹೋಗುವುದು ಆ ನೊರೆ. ನೊರೆಯ ಮೇಲೆ ಯಾರು ಗಟ್ಟಿಯಾಗಿ ನಿಲ್ಲಲಾದೀತು? ಒಂದಲ್ಲ, ಎಲ್ಲ ಲಿಫ್ಟರ್‌ಗಳೂ ಒಟ್ಟಿಗೆ ಮೆತ್ತಗಾಗಿದ್ದವು.

ಯಾಗೊಡಾ ಅವನ ಸೂಟಿನ ಮೇಲೆ ಏಪ್ರನ್ ಕಟ್ಟಿದಳು. ಅಡುಗೆಯವಳ ತಗಡಿನ ಬೋಗುಣಿ ತೆಗೆದುಕೊಂಡು ವಿತೊಮಿರ್ ಕಾರಿನಡಿ ತೂರಿದ. ತಳದ ಬೋಲ್ಟು ಸಡಿಲಿಸಿ ಹೆಚ್ಚಿನ ಎಣ್ಣೆ ಬಸಿದ. ಮದುಮಗಳು ಒಳಗೇ ಕೂತಿದ್ದಳು. ಅವಳ ಬಿಳಿ ಚಪ್ಪಲಿಗಳ ನೇರ ಕೆಳಗೆ ಅವನ ಕಪ್ಪು ಬೂಟುಗಳು. ಎದ್ದು ಬಂದು, ಕಡ್ಡಿ ನೋಡಿ, "ಸ್ಟಾರ್ಟ್ ಮಾಡು," ಎಂದ. ಸ್ರೆತೆನ್ ಚಾಲೂ ಮಾಡಿದ. ಟಕಟಕ ಮತ್ತೆ ಶುರುವಾದದ್ದು ವಿತೊಮಿರ್‌ಗೆ ಸುತ್ತಲಿನ ಮುಖಗಳಲ್ಲೇ ಕಂಡಿತು.

"ಇರಲಿ. ನೊರೆ ಇಳೀಬೇಕು, ಗಾಳಿ ಹೋಗಬೇಕು. ಹಾಗೇ ಓಡ್ತಾ ಇರಲಿ."

ಅಂಗಳವೆಲ್ಲ ಸುತ್ತ ನೆರೆದು ಕಾಯಿತು. ವಿತೊಮಿರ್ ಸೌಟು ತೆಗೆದುಕೊಂಡು ವಾಲ್ವ್ ಮುಚ್ಚಳದ ಮೇಲಿಟ್ಟು ಕಚ್ಚಿದ. ತಕ್ಷಣ ಬಿಟ್ಟ. ಮತ್ತೆ ಕಚ್ಚಿದ. ಹಣೆಯಲ್ಲಿ ಬೆವರು ಮೂಡಿತು. ಕೀವು ತುಂಬಿದ ಹಲ್ಲು ತನ್ನದೇ ನಾಡಿ ಬಡಿದುಕೊಳ್ಳುತ್ತಿತ್ತು, ಧಕ್ ಧಕ್ ಧಕ್. ಅದರಾಚೆಗೆ ಇಂಜಿನ್ ಬಡಿಯುತ್ತಿದೆಯೋ ಇಲ್ಲವೋ ಹೇಳುವುದು ಅವನಿಂದ ಆಗಲಿಲ್ಲ. "ನಿಂತಿತು" ಎಂದು ಸುಮ್ಮನೆ ಹೇಳಿಬಿಡಬಹುದಿತ್ತು. ಎಲ್ಲರೂ ನಂಬುತ್ತಿದ್ದರು. ಅವನು ಸೀಟಿನ ಮೇಲಿದ್ದ ಹುಡುಗಿಯನ್ನು ನೋಡಿದ, ಅವಳಿಗೆ ಹೆಸರಿಟ್ಟವನು ಅವನೇ. ಆಮೇಲೆ ಸ್ರೆತೆನ್ ಕಡೆ ತಿರುಗಿದ.

"ಕೂಮೆ, ನಂಗೆ ಕಿವಿ ಕೇಳಲ್ಲ."

"ಏನು?" ಎಂದ ಸ್ರೆತೆನ್. ಆ ಗಳಿಗೆಯಲ್ಲಿ ಕಿವುಡನಾದದ್ದು ಅವನೇ.

"ಕಿವಿ ಕೇಳಲ್ಲ. ತುಂಬಾ ವರ್ಷ ಆಯ್ತು. ಹಲ್ಲಿಂದ ಕೇಳ್ತಿದ್ದೆ, ಇವತ್ತು ಅದೂ ಕೇಳ್ತಿಲ್ಲ. ನೀನೇ ಹೇಳು. ಸದ್ದು ನಿಂತಿತಾ?"

ಗಂಡಿನ ಚಿಕ್ಕಪ್ಪ ಬಾಯಿ ತೆರೆದ. ಯಾಗೊಡಾ ಅವನ ಕಡೆ ನೋಡಿದ ರೀತಿಗೆ ಮುಚ್ಚಿದ.

ಸ್ರೆತೆನ್‌ಗೆ ಒಂದೊಂದೇ ನೆನಪಾಗತೊಡಗಿತು. ಹಕ್ಕಿ ಹಿಕ್ಕೆ, ಅದೇ ಮತ್ತೆ. ಹೆಂಡತಿ ತೀರಿಕೊಂಡ ವಾರ ತಾನು ಬೆಂಚಿನ ಮೇಲೆ ಕೂತು ನೆಲ ನೋಡುತ್ತ ಗಂಟೆಗಟ್ಟಲೆ ಅತ್ತುಕೊಂಡು ಮಾತಾಡಿದ್ದು, ಇವನು ಒಂದು ಮಾತೂ ಅಡ್ಡ ಬರದೆ ಪಕ್ಕದಲ್ಲಿ ಕೂತಿದ್ದು. ನನ್ನ ಮಾತು ಇಷ್ಟು ಚೆನ್ನಾಗಿ ಯಾರೂ ಕೇಳಿರಲಿಲ್ಲ ಎಂದು ಅವತ್ತು ಅಂದುಕೊಂಡಿದ್ದ. ಈಗಲೂ ಹಾಗೇ ಅನ್ನಿಸಿತು, ಅದೇ ವಿಚಿತ್ರ.

ಕಿವಿಗೊಟ್ಟು ಕೇಳಿದರೆ ಸದ್ದು ನಿಂತಿದೆ ಎಂದು ಇದ್ದಲ್ಲೇ ಹೇಳಬಹುದಿತ್ತು. ಆದರೆ ಅವನು ಕಾರಿನಿಂದಿಳಿದು ಬಂದು, ಕೂಮ್‌ನ ಕೈಯಿಂದ ಸೌಟು ತೆಗೆದುಕೊಂಡು, ತನ್ನ ಹೊಸ ಕೋಟಿಗೆ ಒರೆಸಿ, ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಇಂಜಿನ್ ಮೇಲಿಟ್ಟ. ಕಣ್ಣು ಮುಚ್ಚಿ ಬಹಳ ಹೊತ್ತು ನಿಂತ. ಆಮೇಲೆ ಕೂಮ್‌ಗೆ ತುಟಿ ಕಾಣುವಂತೆ ತಿರುಗಿ ಹೇಳಿದ: "ಏನೂ ಇಲ್ಲ ಕಣೋ. ಬರೀ ಮೆಣಸಿನಕಾಯಿ ರುಚಿ."

ಅಂಗಳ ಭೋರೆಂದು ನಕ್ಕಿತು. "ಕೊಡಿಲ್ಲಿ, ನಾನೂ ನೋಡ್ತೀನಿ," ಎಂದ ಭಾವಮೈದ. ಅವನಾದ ಮೇಲೆ ಕಹಳೆಯವನು, ಅಡುಗೆಯವಳು, ಮದುಮಗನ ಗೆಳೆಯ. ಸೌಟು ಬುಕ್ಲಿಯಾದ ಹಾಗೆ ಕೈಯಿಂದ ಕೈಗೆ ಹೋಯಿತು. ಕಚ್ಚಿದವರೆಲ್ಲ ಗಂಭೀರವಾಗಿ ತಲೆಯಾಡಿಸಿ ಮುಂದಿನವರಿಗೆ ದಾಟಿಸಿದರು. ಕೊನೆಗೆ ಗಂಡಿನ ಚಿಕ್ಕಪ್ಪನ ಸರದಿ ಬಂದಾಗ, ಹೆಣ್ಣಿನ ಕಡೆಯವರು ಕಚ್ಚಿದ ಮೇಲೆ ಕಚ್ಚದಿದ್ದರೆ ಚೆನ್ನಾಗಿರುವುದಿಲ್ಲವೆಂದು ಅವನೂ ಕಚ್ಚಿದ.

"ವೀತಾ ಮಾಮಾ, ನೀವು ಮುಂದೆ ಕೂತ್ಕೊಳ್ಳಿ. ಏರು ಮುಗಿಯೋ ತನಕ," ಎಂದಳು ದುನ್ಯಾ ವಿತೊಮಿರ್ ಕಡೆ ತಿರುಗಿ.

ಚರ್ಚಿನ ಏರು ಹತ್ತಿದ್ದು ಹೀಗೆ: ಹಿಂದೆ ಮದುಮಗಳು, ಚಾಲಕನ ಜಾಗದಲ್ಲಿ ಅವಳ ಅಪ್ಪ, ಪಕ್ಕದಲ್ಲಿ ವಿತೊಮಿರ್, ಸೌಟು ಬಾಯಲ್ಲಿ, ಅದರ ತುದಿ ಡ್ಯಾಶ್‌ಬೋರ್ಡ್ ಮೇಲೆ. ನೋವಿಗೆ ಅವನಿಗೆ ಏನೂ ಕೇಳುತ್ತಿರಲಿಲ್ಲ, ಆದರೂ ಕಚ್ಚಿಕೊಂಡೇ ಕೂತಿದ್ದ. ಸಾವಿನ ಚೀಟಿಯ ಆ ಫೋಟೊವನ್ನು ಫೋಟೊಗ್ರಾಫರ್ ಕಿಟಕಿಯಿಂದ ತೆಗೆದದ್ದು ಆಗಲೇ. ಫೋಟೊದಲ್ಲಿ ಒಂದು ಕೆನ್ನೆ ಊದಿದೆ, ಕಣ್ಣು ನಗುತ್ತಿದೆ.

ಸೋಮವಾರ ಹಲ್ಲು ಕೀಳಿಸಿದ. ಇನ್ನು ಬಾಗಿಲು ಹಾಕುವುದೇ ಎಂದುಕೊಂಡು ಗ್ಯಾರೇಜಿನಲ್ಲಿ ಸಾಮಾನು ಜೋಡಿಸುತ್ತಿದ್ದಾಗ ಆ ಚಿಕ್ಕಪ್ಪನೇ ತನ್ನ ವ್ಯಾನು ತಂದು ನಿಲ್ಲಿಸಿದ. "ಮೇಸ್ತ್ರಿ, ಸೌಟೆಲ್ಲಿ?" ಎಂದು ಕೇಳಿ ತಾನೇ ಕಚ್ಚಿ ನಿಂತ. ಅಲ್ಲಿಂದಾಚೆ ಅದೇ ರೂಢಿಯಾಯಿತು. ಗಾಡಿಯವರು ಕಚ್ಚುವುದು, ವಿತೊಮಿರ್ ಕೇಳುವುದು: ಮೇಲಾ ಕೆಳಗಾ? ಬಿಸಿಯಾದ ಮೇಲೆ ತಗ್ಗುತ್ತಾ? ಒಂದೇ ಕಡೆಯಾ, ಎಲ್ಲಾ ಕಡೆಯಾ? ತುಟಿ ನೋಡಿ ಉತ್ತರ ತಿಳಿದುಕೊಂಡು ಮುಚ್ಚಳ ಬಿಚ್ಚುತ್ತಿದ್ದ. ಊರಿನ ಅರ್ಧ ಜನಕ್ಕೆ ಇಂಜಿನ್ ಕೇಳುವುದು ಬಂದುಬಿಟ್ಟಿತು. ಕಚ್ಚುವ ತುದಿಯನ್ನು ರಾಕಿಯಾದಲ್ಲಿ ಅದ್ದಿ ಕೊಡುವುದು ಯಾಗೊಡಾಳ ಕಾನೂನು. ಹಾಗಾಗಿ ಏನೂ ಕೆಡದ ಗಾಡಿಗಳೂ ಬರತೊಡಗಿದವು.

ಹೀಗೆ ಒಂಬತ್ತು ವರ್ಷ ನಡೆಯಿತು. ಹೋದ ಚಳಿಗಾಲ ಒಂದು ದಿನ ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ಯಾಗೊಡಾ ಹಿಮ್ಮಡಿಯಿಂದ ನೆಲ ಗುದ್ದಿದಳಂತೆ. ಮತ್ತೆ ಮತ್ತೆ ಗುದ್ದಿದಳಂತೆ.

ನಲವತ್ತನೆಯ ದಿನದ ಎಡೆಗೆ ಸಮಾಧಿಯ ಹತ್ತಿರ ಎಲ್ಲರೂ ಹೋಗಿ ಬಂದ ಮೇಲೆ ಅವಳು ಸೌಟನ್ನು ಸ್ರೆತೆನ್‌ಗೆ ಕೊಟ್ಟಳು. "ತಗೊಂಡು ಹೋಗು. ಇದ್ರಲ್ಲಿ ಅಡುಗೆ ಮಾಡಕ್ಕೆ ಆಗಲ್ಲ ನಂಗೆ."

ಮಾರನೆಯ ಬೆಳಿಗ್ಗೆ ಚಳಿ ಜೋರಾಗಿತ್ತು. ಸ್ರೆತೆನ್ ಕಾರು ಚಾಲೂ ಮಾಡಿದ. ಟಕ್, ಟಕ್, ಟಕ್. ಬಾನೆಟ್ ಎತ್ತಿ, ಸೌಟು ಕಚ್ಚಿ, ಮೊದಲು ಕೆಳಗಿಟ್ಟ, ಆಮೇಲೆ ಮೇಲಿಟ್ಟ. ಎಣ್ಣೆ, ಮೆಣಸಿನಕಾಯಿ, ರಾಕಿಯಾ ಮೂರೂ ಸೇರಿದ ರುಚಿ ಬಾಯಿಗೆ ಬಂತು.

"ಮೇಲ್ಗಡೆ, ಕೂಮೆ," ಎಂದ ಜೋರಾಗಿ, ತುಟಿ ಕಾಣುವ ಹಾಗೆ ಮುಖ ಎತ್ತಿ. ಮುಂದಿನ ಪ್ರಶ್ನೆಗಾಗಿ ಸ್ವಲ್ಪ ಹೊತ್ತು ಕಾದ.

ಇಂಜಿನ್ ನಿಲ್ಲಿಸಿ ಅಳತೆ ಕಡ್ಡಿ ಎಳೆದ. ಎಣ್ಣೆ ಕಡಿಮೆಯಾಗಿತ್ತು. ಶೆಡ್ಡಿನಿಂದ ಡಬ್ಬ ತಂದು ಸುರಿದ, ಗೆರೆಯ ತನಕ ಮಾತ್ರ.